ಕರಿಹಂದಿ, ಬಿಳಿಹಂದಿ: ತಳಿ, ತಾಯಿಹಾಲು ಮತ್ತು ಮರಿಯ ಬೆಳವಣಿಗೆ

1923ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯ ಕುಲುಮೆಯಿಂದ ಮೊದಲ ಬಾರಿಗೆ ಕಬ್ಬಿಣ ಕರಗಿ ಹರಿಯಿತು. ಬೆಂಕಿಪುರ ಎಂಬ ಹಳೆಯ ಹೆಸರಿದ್ದ ಈ ಊರು ಅಲ್ಲಿಂದ ಮುಂದೆ ಕಬ್ಬಿಣದ ಊರೆಂದು ನಾಡಿಗೆಲ್ಲ ಪರಿಚಿತವಾಯಿತು. ಕಾಡಿನ ಸೌದೆಯ ಇದ್ದಿಲನ್ನು ಬಳಸಿ ಇಲ್ಲಿ ತಯಾರಿಸಿದ ಬೀಡುಕಬ್ಬಿಣಕ್ಕೆ ಇಂಗ್ಲಿಷಿನಲ್ಲಿ ‘ಪಿಗ್ ಐರನ್’ ಎಂದು ಹೆಸರು. ಕಬ್ಬಿಣಕ್ಕೂ ಹಂದಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಳೆಯ ಕಾಲದ ಕುಲುಮೆಗಳಲ್ಲಿ ಕರಗಿದ ಕಬ್ಬಿಣವನ್ನು ಮರಳಿನಲ್ಲಿ ತೋಡಿದ ಒಂದು ದೊಡ್ಡ ಕಾಲುವೆಗೆ ಬಿಡುತ್ತಿದ್ದರು. ಆ ಕಾಲುವೆಯಿಂದ ಎರಡೂ ಕಡೆಗೆ ಸಾಲಾಗಿ ಚಿಕ್ಕ ಚಿಕ್ಕ ಗುಂಡಿಗಳು ಕವಲೊಡೆಯುತ್ತಿದ್ದವು. ನೋಡುವವರ ಕಣ್ಣಿಗೆ ಅದು ಮಲಗಿದ ತಾಯಿಹಂದಿಯ ಮೊಲೆಗೆ ಬಾಯಿಟ್ಟ ಮರಿಗಳ ಸಾಲಿನಂತೆ ಕಾಣುತ್ತಿತ್ತು. ಇಂಗ್ಲಿಷ್ ಕಮ್ಮಾರರು ದೊಡ್ಡ ಕಾಲುವೆಯನ್ನು ತಾಯಿಹಂದಿ ಎಂದೂ, ಗುಂಡಿಯಲ್ಲಿ ತಣಿದ ಗಟ್ಟಿಗಳನ್ನು ಮರಿಗಳೆಂದೂ ಕರೆದರು. ಹೆಸರು ಹಾಗೆಯೇ ನಿಂತುಬಿಟ್ಟಿತು.

ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ. ಮರಳಿನ ಗುಂಡಿಗಳಿಗೆ ಕಬ್ಬಿಣ ಒಂದೇ ಸಮನೆ ಹರಿಯುತ್ತದೆ. ಎಲ್ಲ ಗಟ್ಟಿಗಳೂ ಒಂದೇ ಅಳತೆಯವಾಗುತ್ತವೆ. ನಿಜವಾದ ತಾಯಿಹಂದಿಯ ಹಾಲು ಹಾಗೆ ಹರಿಯುವುದಿಲ್ಲ. ಒಂದೇ ಸೂಲಿನ ಮರಿಗಳು ಒಂದೇ ತೂಕಕ್ಕೆ ಬೆಳೆಯುವುದೂ ಇಲ್ಲ. ಯಾವ ತಳಿಯ ತಾಯಿ, ಎಷ್ಟು ಮರಿ, ಎಷ್ಟು ಹಾಲು, ಎಂಥ ಆರೈಕೆ ಎಂಬುದರ ಮೇಲೆ ಮರಿಗಳ ಅಳಿವು ಉಳಿವು ನಿಂತಿದೆ. ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಆ ಚರಿತ್ರೆ ನಮ್ಮ ಶಿವಮೊಗ್ಗ, ಭದ್ರಾವತಿಗಳ ಬೀದಿಗಳಿಗೂ ಸಂಬಂಧಿಸಿದೆ.

ಶಾಸನದ ಪಂದಿ, ಬೀದಿಯ ಹಂದಿ

ಹಳಗನ್ನಡದ ‘ಪಂದಿ’ಯೇ ಇಂದಿನ ‘ಹಂದಿ’. ಕೊಡವರ ಮಾತಿನಲ್ಲಿ ‘ಪಂದಿ’ ಎಂಬ ಹಳೆಯ ರೂಪವೇ ಉಳಿದಿದೆ. ತುಳುವಿನಲ್ಲಿ ಅದು ‘ಪಂಜಿ’. ಕನ್ನಡ ನಾಡಿನ ಚರಿತ್ರೆಯಲ್ಲಿ ಈ ಪ್ರಾಣಿಗೆ ದೊಡ್ಡ ಸ್ಥಾನವೇ ಇತ್ತು. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ವಿಜಯನಗರದ ಅರಸರ ಲಾಂಛನವೂ ವರಾಹ. ಅವರ ಚಿನ್ನದ ನಾಣ್ಯಕ್ಕೆ ಬಂದ ಹೆಸರೂ ಅದೇ. ಶಿವಮೊಗ್ಗ ಸೀಮೆಯನ್ನು ಆಳಿದ ಕೆಳದಿಯ ನಾಯಕರ ನಾಣ್ಯವನ್ನು ಜನ ಇಕ್ಕೇರಿ ವರಾಹ ಎಂದೇ ಕರೆಯುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಅದು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹಂದಿಯ ಮಾಂಸವನ್ನು ಹದಗೊಳಿಸುವ ವಿವರಗಳಿವೆ. ಬನವಾಸಿ, ಬಳ್ಳಿಗಾವೆಗಳು ಆಗ ಅದೇ ಅರಸುಮನೆತನದ ಆಳ್ವಿಕೆಯಲ್ಲಿದ್ದವು.

ಇವೆಲ್ಲ ದೇವರ ಹಂದಿ, ಅರಸರ ಹಂದಿ, ಬೇಟೆಯ ಹಂದಿ. ಸಾಕಿದ ಹಂದಿಯ ಮಾತು ಮಾತ್ರ ಬರವಣಿಗೆಯಲ್ಲಿ ಕಾಣುವುದು ಬಹಳ ಅಪರೂಪ. ಮೈಸೂರು ಅರಸರ ಕಾಲದಲ್ಲಿ ದನಗಳಿಗೆ ಅಮೃತಮಹಲ್ ಇಲಾಖೆಯಿತ್ತು, ಮೇಯಲು ಕಾವಲುಗಳಿದ್ದವು. ಹಂದಿಗೆ ಅಂಥದೇನೂ ಇರಲಿಲ್ಲ. ಅದನ್ನು ಸಾಕಿದವರು ಊರಿನ ಅಂಚಿನಲ್ಲಿದ್ದ, ಊರಿಂದೂರಿಗೆ ಅಲೆಯುತ್ತಿದ್ದ ಬಡ ಸಮುದಾಯಗಳವರು. ಹಂದಿಜೋಗಿ ಎಂಬ ಸಮುದಾಯದ ಹೆಸರಿನಲ್ಲೇ ಈ ಕಸುಬು ಇದೆ; ಕೊರಮ, ಕೊರಚ ಸಮುದಾಯಗಳಲ್ಲಿಯೂ ಹಂದಿ ಸಾಕಣೆ ಬಹುಕಾಲದಿಂದ ನಡೆದುಬಂದಿದೆ. ಭೂಮಿಯಿಲ್ಲದ ಮನೆಗೆ ಒಂದು ತಾಯಿಹಂದಿಯೆಂದರೆ ಇಟ್ಟ ಗಂಟು. ಮದುವೆಗೋ, ಕಾಯಿಲೆಗೋ ಹಣ ಬೇಕಾದಾಗ ಎರಡು ಮರಿ ಮಾರಿದರೆ ಆಯಿತು. ಅವರಿಗೆ ಯಾವ ಹಂದಿ ಒಳ್ಳೆಯ ತಾಯಿ, ಯಾವುದು ಮರಿ ತುಳಿಯುತ್ತದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಆದರೆ ಆ ತಿಳುವಳಿಕೆಯನ್ನು ಯಾರೂ ಬರೆದಿಡಲಿಲ್ಲ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವುಗಳ ಸುತ್ತ ಜನವಸತಿ ಬೆಳೆಯಿತು. ನೆರೆಯ ತಮಿಳು, ತೆಲುಗು, ಮಲೆಯಾಳ ನಾಡುಗಳಿಂದಲೂ ಕೆಲಸಗಾರರು ಬಂದು ನೆಲೆಸಿದರು. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು ಬಂದ ಮೇಲೆ ಭತ್ತದ ಬೆಳೆ ಹೆಚ್ಚಿತು. ಅಕ್ಕಿ ಗಿರಣಿಗಳಿಂದ ತೌಡು ಸಿಕ್ಕಿತು. ಹೋಟೆಲುಗಳ ಮುಸುರೆ, ಸಂತೆಯ ಕೊಳೆತ ತರಕಾರಿ, ತೆರೆದ ಚರಂಡಿ ಎಲ್ಲವೂ ನಾಟಿ ಹಂದಿಗೆ ಮೇವಾಯಿತು. ಕಪ್ಪು ಮೈ, ಉದ್ದ ಮೂತಿ, ಬೆನ್ನಿನ ಮೇಲೆ ಬಿರುಸು ಕೂದಲಿನ ಈ ಹಂದಿ ಯಾರೂ ಕೂಡಿಹಾಕದೆ, ಯಾರೂ ಮೇವು ಕೊಳ್ಳದೆ ಬದುಕುತ್ತಿತ್ತು. ಹಗಲೆಲ್ಲ ಅಲೆದು ಸಂಜೆ ಗೂಡಿಗೆ ಬರುತ್ತಿತ್ತು.

ಇಪ್ಪತ್ತು ಸೆಕೆಂಡಿನ ಹಾಲು

ತಳಿಗಳ ಚರಿತ್ರೆಗೆ ಹೋಗುವ ಮೊದಲು ಹಂದಿ ಹಾಲೂಡುವ ಕ್ರಮವನ್ನು ತಿಳಿಯುವುದು ಒಳ್ಳೆಯದು. ಹಂದಿಯ ಗರ್ಭಾವಧಿ ಸುಮಾರು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ನೆನಪಿಟ್ಟುಕೊಳ್ಳಬಹುದು. ಹಸುವಿನ ಕೆಚ್ಚಲಿನಲ್ಲಿ ಹಾಲು ತುಂಬಿ ನಿಲ್ಲಲು ಜಾಗವಿದೆ. ಆದ್ದರಿಂದಲೇ ಎರಡು ಹೊತ್ತು ಕರೆಯಲು ಸಾಧ್ಯ. ಹಂದಿಯ ಮೊಲೆಯಲ್ಲಿ ಅಂಥ ಕೊಠಡಿಯಿಲ್ಲ. ಮರಿಗಳು ಒಟ್ಟಾಗಿ ಮೂತಿಯಿಂದ ಕೆಚ್ಚಲನ್ನು ಸುಮಾರು ಒಂದು ನಿಮಿಷ ತಿಕ್ಕಬೇಕು. ತಾಯಿ ಗುಟುರು ಹಾಕುತ್ತದೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿದಾಗ ಆ ಗುಟುರು ಒಮ್ಮೆಲೆ ಬಿರುಸಾಗುತ್ತದೆ. ಬಳಿಕ ಹಾಲು ಇಳಿಯುತ್ತದೆ, ಅದೂ ಕೇವಲ ಹತ್ತರಿಂದ ಇಪ್ಪತ್ತು ಸೆಕೆಂಡು. ಆಮೇಲೆ ಮುಚ್ಚಿದಂತೆಯೇ. ಮತ್ತೆ ಹಾಲು ಸಿಗಲು ನಲವತ್ತು ನಿಮಿಷದಿಂದ ಒಂದು ಗಂಟೆ ಕಾಯಬೇಕು. ಆ ಇಪ್ಪತ್ತು ಸೆಕೆಂಡಿನಲ್ಲಿ ಬಾಯಲ್ಲಿ ಮೊಲೆಯಿಲ್ಲದ ಮರಿ ಆ ಸರದಿಯನ್ನು ಕಳೆದುಕೊಂಡಂತೆ.

ಆದ್ದರಿಂದ ಮರಿಗಳು ಹುಟ್ಟಿದ ಕೂಡಲೇ ಮೊಲೆಗಾಗಿ ಜಗಳ ಶುರುಮಾಡುತ್ತವೆ. ಕೆಲವೇ ದಿನಗಳಲ್ಲಿ ಪ್ರತಿಯೊಂದು ಮರಿಗೂ ಅದರದೇ ಮೊಲೆ ಎಂದು ನಿಶ್ಚಯವಾಗಿ, ಹಾಲು ಬಿಡುವವರೆಗೂ ಆ ಕ್ರಮ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎದೆಯ ಕಡೆಗಿರುವ ಮುಂದಿನ ಮೊಲೆಗಳಲ್ಲಿ ಸಾಮಾನ್ಯವಾಗಿ ಹಾಲು ಹೆಚ್ಚು. ಯಾರೂ ಬಳಸದ ಮೊಲೆ ಕೆಲವು ದಿನಗಳಲ್ಲಿ ಬತ್ತಿಹೋಗುತ್ತದೆ. ಹುಟ್ಟುವಾಗಲೇ ಸ್ವಲ್ಪ ದೊಡ್ಡದಾಗಿದ್ದ ಮರಿ ಒಳ್ಳೆಯ ಮೊಲೆ ಹಿಡಿಯುತ್ತದೆ, ಹೆಚ್ಚು ಕುಡಿಯುತ್ತದೆ, ಇನ್ನೂ ದೊಡ್ಡದಾಗುತ್ತದೆ. ಚಿಕ್ಕ ಮರಿ ಹಿಂದುಳಿಯುತ್ತದೆ.

ಮೊದಲ ದಿನದ ಗಿಣ್ಣುಹಾಲಿನ ಮಹತ್ವವಂತೂ ಹೇಳತೀರದು. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಪದಾರ್ಥಗಳು ಗರ್ಭದಲ್ಲಿಯೇ ಮಗುವಿಗೆ ದಾಟುತ್ತವೆ. ಹಂದಿಯಲ್ಲಿ ಹಾಗೆ ದಾಟುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ರೋಗದ ವಿರುದ್ಧ ರಕ್ಷಣೆ ಸಿಗುವುದು ಗಿಣ್ಣುಹಾಲಿನಿಂದ, ಅದೂ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ. ಆಮೇಲೆ ಕರುಳು ಅದನ್ನು ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ಜೊತೆಗೆ ಹಂದಿಮರಿಯ ಮೈಯಲ್ಲಿ ಕೊಬ್ಬಿನ ದಾಸ್ತಾನು ತೀರ ಕಡಿಮೆ. ಮೈ ಬೆಚ್ಚಗಿಡಲು ಮೊದಲ ದಿನಗಳಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಚಳಿಯಾದ ಮರಿ ನಿಧಾನವಾಗುತ್ತದೆ. ನಿಧಾನವಾದ ಮರಿಗೆ ಹಾಲು ತಪ್ಪುತ್ತದೆ. ಹಾಲು ತಪ್ಪಿದ ಮರಿ ತಾಯಿಯ ಮೈಗೆ ಒತ್ತಿಕೊಂಡು ಮಲಗಿ, ತಾಯಿ ಮಗ್ಗುಲು ಬದಲಿಸುವಾಗ ಅಡಿಗೆ ಸಿಕ್ಕಿ ಸಾಯುತ್ತದೆ. ಮರಿಗಳ ಸಾವಿನಲ್ಲಿ ಬಹುಪಾಲು ಮೊದಲ ಮೂರು ನಾಲ್ಕು ದಿನಗಳಲ್ಲೇ ಆಗುವುದಕ್ಕೆ ಕಾರಣ ಇದು.

ನೇಕಾರನ ಬಿಳಿಹಂದಿ

ಈಗ ಇನ್ನೊಂದು ಕಾರ್ಖಾನೆಯ ಊರಿಗೆ ಹೋಗೋಣ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಕೀಥ್ಲಿ ಉಣ್ಣೆ ಬಟ್ಟೆಯ ಗಿರಣಿಗಳ ಊರು. ಅಲ್ಲಿ ಜೋಸೆಫ್ ಟ್ಯೂಲಿ ಎಂಬ ನೇಕಾರನಿದ್ದ. ಗಿರಣಿ ಕೆಲಸಗಾರರು ಮನೆಯ ಹಿಂದೆ ಒಂದೆರಡು ಹಂದಿ ಸಾಕುವುದು ಆಗ ವಾಡಿಕೆ. ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಬಂದ ಹಂದಿಗಳ ರಕ್ತವೂ ಅಲ್ಲಿನ ಒರಟು ಹಂದಿಗಳ ರಕ್ತವೂ ಆ ವೇಳೆಗಾಗಲೇ ಬೆರೆತಿದ್ದವು. ಟ್ಯೂಲಿ 1851ರಲ್ಲಿ ವಿಂಡ್ಸರಿನ ಕೃಷಿ ಪ್ರದರ್ಶನದಲ್ಲಿ ತನ್ನ ದೊಡ್ಡ ಬಿಳಿಹಂದಿಗಳನ್ನು ತೋರಿಸಿದಾಗ ಜನ ಬೆರಗಾದರು. 1868ರಲ್ಲಿ ಅದಕ್ಕೆ ಪ್ರತ್ಯೇಕ ತಳಿಯೆಂಬ ಮನ್ನಣೆ ಸಿಕ್ಕಿತು. 1884ರಲ್ಲಿ ತಳಿಗಾರರ ಸಂಘ ಸ್ಥಾಪನೆಯಾಗಿ ವಂಶಾವಳಿಯ ಪುಸ್ತಕ ಆರಂಭವಾಯಿತು. ಇದೇ ಇಂದು ಜಗತ್ತಿನ ಎಲ್ಲೆಡೆ ಕಾಣುವ ಲಾರ್ಜ್ ವೈಟ್ ಯಾರ್ಕ್‌ಷೈರ್.

ಡೆನ್ಮಾರ್ಕಿನ ಕಥೆ ಬೇರೆ ಬಗೆಯದು. 1887ರಲ್ಲಿ ಜರ್ಮನಿ ಡೆನ್ಮಾರ್ಕಿನ ಜೀವಂತ ಹಂದಿಗಳ ಆಮದನ್ನು ನಿಲ್ಲಿಸಿತು. ಡೇನಿಷ್ ರೈತರು ಧೃತಿಗೆಡದೆ ಅದೇ ವರ್ಷ ಹೋರ್ಸೆನ್ಸ್ ಎಂಬಲ್ಲಿ ಸಹಕಾರಿ ಕಾರ್ಖಾನೆ ತೆರೆದು ಇಂಗ್ಲೆಂಡಿಗೆ ಮಾಂಸವನ್ನು ಉಪ್ಪುಹಚ್ಚಿ ಕಳುಹಿಸತೊಡಗಿದರು. ಇಂಗ್ಲಿಷರ ಬೆಳಗಿನ ತಿಂಡಿಗೆ ತಕ್ಕ ಉದ್ದ ಬೆನ್ನಿನ ಹಂದಿ ಬೇಕಾಗಿತ್ತು. ಸ್ಥಳೀಯ ಹಂದಿಗೆ ಯಾರ್ಕ್‌ಷೈರ್ ರಕ್ತ ಬೆರೆಸಿ ಲ್ಯಾಂಡ್‌ರೇಸ್ ತಳಿಯನ್ನು ರೂಪಿಸಿದರು. 1907ರಿಂದ ಪ್ರತಿ ತಾಯಿತಂದೆಯ ಮರಿಗಳನ್ನು ಒಂದೇ ರೀತಿಯ ಕೊಟ್ಟಿಗೆಯಲ್ಲಿ ಬೆಳೆಸಿ, ತೂಗಿ, ಲೆಕ್ಕವಿಟ್ಟು, ಯಾವ ವಂಶ ಉತ್ತಮ ಎಂದು ನಿರ್ಧರಿಸುವ ಪದ್ಧತಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಒಂದು ಸಂಗತಿ. ಈ ಎರಡು ತಳಿಗಳೂ ಒಂದು ನಿರ್ದಿಷ್ಟ ಮನೆ, ಮೇವು, ಹವೆ, ಮಾರುಕಟ್ಟೆಗಳಿಗಾಗಿ ರೂಪುಗೊಂಡವು. ತಂಪು ದೇಶ, ಒಣ ಕೊಟ್ಟಿಗೆ, ಹೈನುಗಾರಿಕೆಯಿಂದ ಉಳಿದ ಬೆಣ್ಣೆ ತೆಗೆದ ಹಾಲು, ಬಾರ್ಲಿ, ಆಲೂಗಡ್ಡೆ ಇವೆಲ್ಲ ಆ ತಳಿಯ ಅಂಗಗಳಂತೆಯೇ ಇದ್ದವು. ಹಂದಿಯನ್ನು ಹಡಗಿಗೇರಿಸಬಹುದಿತ್ತು, ಅದರ ಕೊಟ್ಟಿಗೆ, ಮೇವು, ಹವೆಗಳನ್ನು ಏರಿಸುವಂತಿರಲಿಲ್ಲ.

ಭಾರತಕ್ಕೆ ಬಂದ ತಳಿ

ಸ್ವಾತಂತ್ರ್ಯಾನಂತರ, ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 1956ರಿಂದ 1961ರ ಅವಧಿಯಲ್ಲಿ, ಭಾರತ ಸರ್ಕಾರ ಹಂದಿ ಅಭಿವೃದ್ಧಿಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. ಆಗ ಆರಂಭವಾದ ಈ ಕಾರ್ಯದ ಫಲವಾಗಿ ಅಲಿಗಢ, ಹರಿಣ್‌ಘಾಟಾ, ಬೊರಿವಿಲಿ, ಗನ್ನವರಂ ಮೊದಲಾದೆಡೆ ಮಾಂಸ ಸಂಸ್ಕರಣ ಕಾರ್ಖಾನೆಗಳೂ ಅವುಗಳ ಜೊತೆಗೆ ತಳಿಕೇಂದ್ರಗಳೂ ತಲೆಯೆತ್ತಿದವು. ಕರ್ನಾಟಕದಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಬಿಳಿ ಯಾರ್ಕ್‌ಷೈರ್ ಹಂದಿಗಳ ಸಾಕಣೆ ನಡೆಯಿತು. 1970–71ರಲ್ಲಿ ಹಂದಿಗಳ ಮೇಲಿನ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆ ಶುರುವಾಯಿತು. ನಮಗೆ ಹತ್ತಿರದ ತಿರುಪತಿಯೂ ಅದರ ಕೇಂದ್ರಗಳಲ್ಲಿ ಒಂದಾಗಿತ್ತು.

ಕರಿಹಂದಿ ಬಿಳಿಹಂದಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿದಾಗ ವ್ಯತ್ಯಾಸ ಎದ್ದು ಕಂಡಿತು. ನಾಟಿ ಹಂದಿ ಒಂದು ಸೂಲಿಗೆ ಸುಮಾರು ಆರರಿಂದ ಎಂಟು ಮರಿ ಹಾಕಿದರೆ, ಯಾರ್ಕ್‌ಷೈರ್ ಸುಮಾರು ಒಂಬತ್ತರಿಂದ ಹನ್ನೊಂದು ಹಾಕುತ್ತಿತ್ತು. ನಾಟಿ ಮರಿಯ ಜನನ ತೂಕ ಮುಕ್ಕಾಲು ಕೆ.ಜಿ.ಯ ಆಸುಪಾಸು, ಬಿಳಿಮರಿಯದು ಒಂದೂಕಾಲು ಕೆ.ಜಿ.ಯ ಆಸುಪಾಸು. ಎಂಟು ವಾರಕ್ಕೆ ಹಾಲು ಬಿಡಿಸುವ ವೇಳೆಗೆ ಬಿಳಿಮರಿ ಹೆಚ್ಚುಕಡಿಮೆ ಇಮ್ಮಡಿ ತೂಗುತ್ತಿತ್ತು. ಈ ಅಂಕಿಗಳನ್ನು ನೋಡಿದವರಿಗೆ ನಾಟಿ ಹಂದಿ ಕೆಲಸಕ್ಕೆ ಬಾರದ್ದು ಎನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಬೆಳವಣಿಗೆಗೆ ಬೆಲೆ ತೆರಬೇಕು. ಮರಿ ಒಂದು ಕೆ.ಜಿ. ತೂಕ ಗಳಿಸಲು ಸುಮಾರು ನಾಲ್ಕು ಕೆ.ಜಿ. ಹಾಲು ಬೇಕು. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಒಂಬತ್ತು ಬಿಳಿಮರಿಗಳು ದಿನಕ್ಕೆ ತಲಾ 200 ಗ್ರಾಂ ಬೆಳೆಯಬೇಕಾದರೆ ತಾಯಿ ದಿನಕ್ಕೆ ಏಳು ಕೆ.ಜಿ.ಗಿಂತ ಹೆಚ್ಚು ಹಾಲು ಕೊಡಬೇಕು. ಆರು ನಾಟಿ ಮರಿಗಳು ತಲಾ 100 ಗ್ರಾಂ ಬೆಳೆದರೆ ಎರಡೂವರೆ ಕೆ.ಜಿ. ಹಾಲು ಸಾಕು. ಹಂದಿಯ ಹಾಲು ಹಸುವಿನ ಹಾಲಿಗಿಂತ ಗಟ್ಟಿ, ಕೊಬ್ಬೂ ಹೆಚ್ಚು. ಏಳು ಕೆ.ಜಿ. ಹಾಲು ತಯಾರಿಸಲು ಬಿಳಿತಾಯಿ ದಿನಕ್ಕೆ ಐದಾರು ಕೆ.ಜಿ. ಸಮತೋಲನದ ಮೇವು ತಿನ್ನಬೇಕು. ಜೋಳ, ತೌಡು, ಹಿಂಡಿ, ಖನಿಜ ಎಲ್ಲವೂ ಬೇಕು. ಬೀದಿಯಲ್ಲಿ ಅಷ್ಟು ಸಿಗುವುದಿಲ್ಲ. ಮೇವು ಸಾಲದಿದ್ದರೂ ಬಿಳಿತಾಯಿ ತನ್ನ ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿ ಹಾಲು ಕೊಡುತ್ತಲೇ ಹೋಗುತ್ತದೆ. ಕೊನೆಗೆ ಮೂಳೆ ಚಕ್ಕಳವಾಗಿ, ಮರಿ ಬಿಟ್ಟ ಮೇಲೂ ಬೆದೆಗೆ ಬರುವುದು ತಡವಾಗುತ್ತದೆ. ಮುಂದಿನ ಸೂಲು ಹಿಂದೆ ಬೀಳುತ್ತದೆ.

ಬಿಸಿಲಿನದು ಇನ್ನೊಂದು ತೊಡಕು. ಹಾಲೂಡುವ ಬಿಳಿತಾಯಿಗೆ 25 ಡಿಗ್ರಿಗಿಂತ ಸೆಕೆ ಏರಿದರೆ ಮೇವು ಸೇರದು, ಹಾಲು ಇಳಿಯುತ್ತದೆ. ಮರಿಗೋ 32 ಡಿಗ್ರಿಯ ಬೆಚ್ಚಗೆ ಬೇಕು. ಒಂದೇ ಸೂರಿನಡಿ ತಾಯಿಗೆ ತಂಪು, ಮರಿಗೆ ಬಿಸಿ ಒದಗಿಸಬೇಕು. ಭದ್ರಾವತಿಯ ಏಪ್ರಿಲ್ ತಿಂಗಳಿನ ಸೆಕೆಯಲ್ಲಿ ಮೊದಲನೆಯದು ಕಷ್ಟ. ಮಲೆನಾಡಿನ ಜುಲೈ ತಿಂಗಳಿನ ಒದ್ದೆ ನೆಲದಲ್ಲಿ ಎರಡನೆಯದು ಕಷ್ಟ. ನಾಟಿ ತಾಯಿ ಮೈ ಹಗುರ. ಅದು ಎದ್ದು ಮಲಗುವಾಗ ಮರಿ ಅಡಿಗೆ ಸಿಕ್ಕುವ ಭಯ ಕಡಿಮೆ. ಭಾರದ ಬಿಳಿತಾಯಿ ಇಕ್ಕಟ್ಟಾದ ಕೋಣೆಯಲ್ಲಿ ಮಲಗಿದರೆ ಗೋಡೆಯ ಬದಿಗೆ ಅಡ್ಡಕಂಬಿ ಇಲ್ಲದೆ ಮರಿ ಉಳಿಯುವುದು ಕಷ್ಟ.

ಹಾಗೆಂದು ಬಿಳಿಹಂದಿ ತಾಯ್ತನವನ್ನೇ ಮರೆತಿದೆ ಎಂದು ತಿಳಿಯಬಾರದು. ಎಡಿನ್‌ಬರೊದ ವಿಜ್ಞಾನಿಗಳಾದ ಸ್ಟೋಲ್ಬಾ ಮತ್ತು ವುಡ್‌ಗಷ್ ಸಾಕಿದ ಬಿಳಿಹಂದಿಗಳನ್ನು ಕುರುಚಲು ಕಾಡಿನಂಥ ಜಾಗದಲ್ಲಿ ಬಿಟ್ಟು ವರ್ಷಗಟ್ಟಲೆ ಗಮನಿಸಿ, 1989ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಈಯುವ ಹೊತ್ತಿಗೆ ಆ ಹಂದಿಗಳು ಗುಂಪು ಬಿಟ್ಟು ದೂರ ಹೋಗಿ, ನೆಲ ಕೆದರಿ, ಹುಲ್ಲು ರೆಂಬೆ ತಂದು, ಕಾಡುಹಂದಿಯಂತೆಯೇ ಗೂಡು ಕಟ್ಟಿದವು. ಅಂದರೆ ಮನಸ್ಸಿನಲ್ಲಿ ಹಳೆಯ ತಾಯಿ ಹಾಗೆಯೇ ಇದ್ದಾಳೆ. ಅದನ್ನು ತೋರಿಸಲು ಸಿಮೆಂಟಿನ ಕೋಣೆಯಲ್ಲಿ ಅವಕಾಶವಿಲ್ಲ, ಅಷ್ಟೆ. ಈಯುವ ಮುನ್ನಾದಿನ ಒಂದು ಹೊರೆ ಒಣಹುಲ್ಲು ಹಾಕುವ ಹಳೆಯ ಪದ್ಧತಿಯ ಹಿಂದೆ ಈ ಅರ್ಥವಿದೆ.

ಕಬ್ಬಿಣದ ಊರು, ಕಬ್ಬಿಣದ ಕೊರತೆ

ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿದ ಅದೇ 1923ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಮೆಕ್‌ಗೋವನ್ ಮತ್ತು ಕ್ರಿಕ್ಟನ್ ಎಂಬ ಇಬ್ಬರು ಸಂಶೋಧಕರು ಹಂದಿಗಳಲ್ಲಿ ಕಬ್ಬಿಣದ ಕೊರತೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕೊಟ್ಟಿಗೆಯಲ್ಲಿ ಕೂಡಿಹಾಕಿದ ಮರಿಗಳು ಎರಡು ಮೂರು ವಾರಕ್ಕೆ ಬಿಳಿಚಿಕೊಂಡು, ಏದುಸಿರು ಬಿಟ್ಟು ಸಾಯುತ್ತಿದ್ದವು. ಕಾರಣ ರಕ್ತಹೀನತೆ. ಮರಿ ಹುಟ್ಟುವಾಗ ಮೈಯಲ್ಲಿ ಸುಮಾರು 40ರಿಂದ 50 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ವೇಗವಾಗಿ ಬೆಳೆಯುವ ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕು. ತಾಯಿಹಾಲಿನಿಂದ ಸಿಗುವುದು ದಿನಕ್ಕೆ ಒಂದು ಮಿಲಿಗ್ರಾಂನಷ್ಟು. ಉಳಿದದ್ದನ್ನು ಮಣ್ಣಿನಿಂದ ಪಡೆಯಬೇಕು.

ನಾಟಿ ಹಂದಿಯ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ಹಿಂದೆ ಮಣ್ಣು ಕೆದಕುತ್ತಿತ್ತು. ಅದು ಬೆಳೆಯುವುದೂ ನಿಧಾನ. ಆದ್ದರಿಂದ ಬೇಕಾದ ಕಬ್ಬಿಣವೂ ಕಡಿಮೆ. ಭದ್ರಾವತಿಯ ಕುಲುಮೆಗೆ ಅದಿರು ಒದಗಿಸಿದ ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಕೆಂಪು ಮಣ್ಣಿದೆ. ಕೆಮ್ಮಣ್ಣಿನ ಸೀಮೆಯಲ್ಲಿ ತಿರುಗಾಡುವ ಮರಿಗೆ ಕಬ್ಬಿಣದ ಚಿಂತೆಯಿರಲಿಲ್ಲ. ಬಿಳಿಮರಿ ಸಿಮೆಂಟಿನ ನೆಲದ ಮೇಲೆ ಹುಟ್ಟಿ, ಎರಡು ಪಟ್ಟು ವೇಗದಲ್ಲಿ ಬೆಳೆದು, ಕಬ್ಬಿಣದ ಊರಿನಲ್ಲಿಯೇ ಕಬ್ಬಿಣವಿಲ್ಲದೆ ಸಾಯಬಹುದಿತ್ತು. ಇಂದು ಎಲ್ಲ ಒಳ್ಳೆಯ ಕೊಟ್ಟಿಗೆಗಳಲ್ಲಿ ಮರಿ ಹುಟ್ಟಿದ ಮೂರನೆಯ ದಿನದ ಆಸುಪಾಸಿನಲ್ಲಿ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದು ಕೊಡುತ್ತಾರೆ. ಹೊಸ ತಳಿ ತಂದವರು ಹೊಸ ಔಷಧವನ್ನೂ ತರಲೇಬೇಕಾಯಿತು.

ಮರಿ ಹೆಚ್ಚು, ಮೊಲೆ ಕಡಿಮೆ

ತಳಿ ಸುಧಾರಣೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕೇ ಪಾಠ. ಸೂಲಿಗೆ ಹುಟ್ಟುವ ಮರಿಗಳ ಸಂಖ್ಯೆಯನ್ನೇ ನೋಡಿ ಅಲ್ಲಿ ತಾಯಿಗಳನ್ನು ಆರಿಸುತ್ತ ಬಂದರು. ಮರಿಗಳು ಹೆಚ್ಚಿದವು, ಜೊತೆಗೆ ಚಿಕ್ಕ ಮರಿಗಳೂ, ಸತ್ತ ಮರಿಗಳೂ ಹೆಚ್ಚಿದವು. ಮರಿ ಹೆಚ್ಚಿತೆಂದು ಗಿಣ್ಣುಹಾಲು ಹೆಚ್ಚುವುದಿಲ್ಲ. ಒಂದು ತಾಯಿ ಸುಮಾರು ಮೂರೂವರೆ ಕೆ.ಜಿ. ಗಿಣ್ಣುಹಾಲು ಕೊಡುತ್ತದೆಂದು ಇಟ್ಟುಕೊಳ್ಳೋಣ. 14 ಮರಿಗಳಾದರೆ ತಲಾ 250 ಗ್ರಾಂ ಸಿಗುತ್ತದೆ. 18 ಮರಿಗಳಾದರೆ 200 ಗ್ರಾಂ ಕೂಡ ಸಿಗುವುದಿಲ್ಲ. ಮರಿ ಉಳಿಯಲು ಕನಿಷ್ಠ 200 ಗ್ರಾಂ ಬೇಕೆಂದು ಸಂಶೋಧಕರ ಅಂದಾಜು. ಮೇಲಾಗಿ 14 ಮೊಲೆಗಳ ತಾಯಿಗೆ 18 ಮರಿಗಳೆಂದರೆ ನಾಲ್ಕು ಮರಿಗೆ ಎಲೆಯೇ ಇಲ್ಲದ ಊಟ. 2004ರಲ್ಲಿ ಡೆನ್ಮಾರ್ಕಿನ ತಳಿಗಾರರು ಲೆಕ್ಕವನ್ನು ತಿದ್ದಿದರು. ಹುಟ್ಟಿದ ಮರಿಗಳ ಬದಲು ಐದನೆಯ ದಿನ ಬದುಕಿರುವ ಮರಿಗಳನ್ನು ಎಣಿಸತೊಡಗಿದರು.

ಇದಕ್ಕೆ ಪ್ರತಿಯಾಗಿ ಚೀನಾದ ಮೈಷಾನ್ ತಳಿಯನ್ನು ನೋಡಬಹುದು. 1979ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದನ್ನು ತರಿಸಿಕೊಂಡು ಅಧ್ಯಯನ ಮಾಡಿದರು. ಸೂಲಿಗೆ ಹದಿನಾಲ್ಕು ಹದಿನೈದು ಮರಿ. ಮರಿಗಳ ತೂಕ ಒಂದು ಕೆ.ಜಿ.ಗಿಂತ ಕಡಿಮೆ. ಆದರೂ ಅವು ಚೆನ್ನಾಗಿ ಉಳಿಯುತ್ತವೆ. ಎಲ್ಲ ಮರಿಗಳೂ ಹೆಚ್ಚುಕಡಿಮೆ ಒಂದೇ ಗಾತ್ರ, ಹುಟ್ಟುವಾಗಲೇ ಹೆಚ್ಚು ಪಕ್ವ. ತಾಯಿಗೆ ಮೊಲೆಗಳೂ ಹೆಚ್ಚು, ಸ್ವಭಾವವೂ ಶಾಂತ. ಮರಿಯ ತೂಕವೊಂದೇ ಅದರ ಹಣೆಬರಹವನ್ನು ನಿರ್ಧರಿಸುವುದಿಲ್ಲ ಎಂದು ಈ ತಳಿ ತೋರಿಸಿಕೊಟ್ಟಿತು. ಆದರೆ ಮೈಷಾನ್ ಬೆಳೆಯುವುದು ನಿಧಾನ, ಮೈಯಲ್ಲಿ ಕೊಬ್ಬು ಹೆಚ್ಚು. ಎಲ್ಲ ಗುಣಗಳೂ ಒಂದೇ ತಳಿಯಲ್ಲಿ ಸಿಗುವುದಿಲ್ಲ.

ಭಾರತದ ವಿಜ್ಞಾನಿಗಳೂ ಕ್ರಮೇಣ ನಡುವಿನ ದಾರಿ ಹಿಡಿದರು. ರಾಂಚಿಯಲ್ಲಿ ಟ್ಯಾಮ್‌ವರ್ತ್ ತಳಿಯನ್ನು ನಾಟಿ ಹಂದಿಯೊಡನೆ ಕೂಡಿಸಿ ‘ಝಾರ್ಸುಕ್’ ಎಂಬ ಮಿಶ್ರತಳಿ ಮಾಡಿದರು. ಗುವಾಹಟಿ ಬಳಿಯ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಬಂಗಾಳದ ಘುಂಗ್ರೂ ತಳಿಗೆ ಹ್ಯಾಂಪ್‌ಷೈರ್ ಕೂಡಿಸಿ ‘ರಾಣಿ’ ಎಂಬ ತಳಿಯನ್ನು ಹೊರತಂದಿತು. ಇಜ್ಜತ್‌ನಗರದ ‘ಲ್ಯಾಂಡ್ಲಿ’ಯಲ್ಲಿ ಮುಕ್ಕಾಲು ಪಾಲು ಲ್ಯಾಂಡ್‌ರೇಸ್, ಕಾಲು ಪಾಲು ಉತ್ತರದ ಘುರ್ರಾ ರಕ್ತವಿದೆ. ಎರಡು ತಳಿ ಕೂಡಿದಾಗ ಹುಟ್ಟುವ ಮಿಶ್ರತಳಿಯ ಕಸುವು ಮರಿಗಳನ್ನು ಬದುಕಿಸುವ ವಿಷಯದಲ್ಲೇ ಹೆಚ್ಚಾಗಿ ಕಾಣುತ್ತದೆ. ಮಿಶ್ರತಳಿಯ ತಾಯಿ ಸಾಮಾನ್ಯವಾಗಿ ಶುದ್ಧ ತಳಿಯ ತಾಯಿಗಿಂತ ಹೆಚ್ಚು ಮರಿಗಳನ್ನು ಸಾಕಿ ಉಳಿಸುತ್ತದೆ. ನಾಟಿ ರಕ್ತದ ಪಾಲು ಸೆಕೆ, ಒರಟು ಮೇವುಗಳನ್ನು ತಡೆದುಕೊಳ್ಳುತ್ತದೆ. ಹೊರಗಿನ ರಕ್ತದ ಪಾಲು ಹಾಲನ್ನೂ ಬೆಳವಣಿಗೆಯನ್ನೂ ಹೆಚ್ಚಿಸುತ್ತದೆ.

ನಮ್ಮ ಎರಡು ಊರುಗಳಿಗೆ

ಶಿವಮೊಗ್ಗ, ಭದ್ರಾವತಿಗಳ ಚರಂಡಿಗಳು ಮುಚ್ಚುತ್ತಿವೆ. ಬೀದಿಯಲ್ಲಿ ಹಂದಿ ಬಿಡುವುದಕ್ಕೆ ಪೌರಕಾಯಿದೆ ಅನುಮತಿ ಕೊಡುವುದಿಲ್ಲ; ಮಿದುಳುಜ್ವರ, ಲಾಡಿಹುಳುಗಳ ದೃಷ್ಟಿಯಿಂದಲೂ ಅದು ಸಲ್ಲದು. ಹಂದಿ ಬೀದಿಯಿಂದ ಕೊಟ್ಟಿಗೆಗೆ ಹೋಗಲೇಬೇಕು. ಆದರೆ ಹಂದಿಯನ್ನು ಹಿಡಿದು ಸಾಗಿಸಿದ ಮಾತ್ರಕ್ಕೆ ಅದನ್ನು ನಂಬಿದ ಮನೆಗಳ ಪ್ರಶ್ನೆ ಮುಗಿಯುವುದಿಲ್ಲ. ಕೊಟ್ಟಿಗೆ ಕಟ್ಟುವವನು ಯಾವ ತಾಯಿಯನ್ನು ತರಬೇಕು? ಮೇವಿಗೆ ಹಣವಿಲ್ಲದವನಿಗೆ ಶುದ್ಧ ಬಿಳಿತಾಯಿಯನ್ನು ಕೊಟ್ಟರೆ ಹತ್ತು ಮರಿ ಹುಟ್ಟಿ ಐದು ಉಳಿದಾವು, ತಾಯಿಯೂ ಬಡಕಲಾದೀತು. ನಾಟಿ ತಾಯಿಯನ್ನೇ ಕೂಡಿಹಾಕಿ ಕೊಂಡ ಮೇವು ಹಾಕಿದರೆ ಅದರ ನಿಧಾನದ ಬೆಳವಣಿಗೆ ಮೇವಿನ ಸಾಲವನ್ನು ತೀರಿಸದು. ಅವನ ಮನೆಗೆ, ಮೇವಿಗೆ, ನೆಲಕ್ಕೆ ತಕ್ಕ ಮಿಶ್ರತಾಯಿ, ಒಣ ನೆಲ, ಒಂದು ಅಡ್ಡಕಂಬಿ, ಮರಿಗೊಂದು ಬಿಸಿ ಬಲ್ಬು, ಮೂರನೆಯ ದಿನದ ಕಬ್ಬಿಣ ಇವಿಷ್ಟು ಸೇರಿದರೆ ಲೆಕ್ಕ ಕೂಡಬಹುದು. ಹೋಟೆಲಿನ ಮುಸುರೆಯನ್ನು ಕುದಿಸದೆ ಹಾಕಬಾರದು. 2020ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಅಸ್ಸಾಂ, ಅರುಣಾಚಲಗಳಲ್ಲಿ ಪತ್ತೆಯಾದ ಆಫ್ರಿಕನ್ ಹಂದಿಜ್ವರ 2022ರಲ್ಲಿ ನಮ್ಮ ನೆರೆಯ ವಯನಾಡಿಗೂ ಬಂದಿತು.

2019ರ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಸುಮಾರು 90 ಲಕ್ಷ ಹಂದಿಗಳಲ್ಲಿ 70 ಲಕ್ಷಕ್ಕೂ ಹೆಚ್ಚು ನಾಟಿ ಹಂದಿಗಳೇ. ಏಳು ವರ್ಷಗಳಲ್ಲಿ ಒಟ್ಟು ಸಂಖ್ಯೆ ಶೇಕಡಾ 12ರಷ್ಟು ಕುಸಿದಿತ್ತು. ಗೋವೆಯವರು ತಮ್ಮ ಅಗೋಂದ ಹಂದಿಯನ್ನು ತೂಗಿ, ಅಳೆದು, ತಳಿಯೆಂದು ನೋಂದಾಯಿಸಿಕೊಂಡಿದ್ದಾರೆ. ನಮ್ಮ ಮಲೆನಾಡಿನ ಅಂಚಿನ ಕರಿಹಂದಿಯನ್ನೂ ಅದು ಬೀದಿಯಿಂದ ಮಾಯವಾಗುವ ಮೊದಲು ಅಳೆದು ನೋಡಬೇಕಲ್ಲವೆ? ಎಷ್ಟು ಮೊಲೆ, ಎಷ್ಟು ಮರಿ, ಐದನೆಯ ದಿನಕ್ಕೆ ಎಷ್ಟು, ಎಂಟು ವಾರಕ್ಕೆ ಎಷ್ಟು ತೂಕ ಎಂದು ಬರೆದಿಡಲು ಒಂದು ತಕ್ಕಡಿ, ಒಂದು ನೋಟುಪುಸ್ತಕ ಸಾಕು. ಶಿವಮೊಗ್ಗದಲ್ಲಿ ಈಗ ಪಶುವೈದ್ಯಕೀಯ ಕಾಲೇಜಿದೆ. ಹಂದಿ ಸಾಕಿ ಬದುಕಿದ ಮನೆಗಳ ಹಿರಿಯರು ಇನ್ನೂ ಇದ್ದಾರೆ. ಯಾವ ತಾಯಿ ಒಳ್ಳೆಯದೆಂದು ಅವರಿಗೆ ಗೊತ್ತು. ವಿದ್ಯಾರ್ಥಿಗಳು ಅವರ ಬಳಿ ಕುಳಿತು ಕೇಳಿ ಬರೆದುಕೊಂಡರೆ, ಕೀಥ್ಲಿಯ ನೇಕಾರನ ಹಂದಿಗೆ ಸಿಕ್ಕ ಪುಸ್ತಕ ನಮ್ಮ ಹಂದಿಗೂ ಸಿಕ್ಕೀತು.